ಕಾಸರಗೋಡಿನ ಸುತ್ತ ಮನೆ: ವಿದ್ಯಾನಗರವೋ, ಮಧೂರೋ, ಕುಂಬಳೆಯೋ, ಬದಿಯಡ್ಕವೋ?

ಕಾಸರಗೋಡು ಪೇಟೆಯ ಹೊರವಲಯದಲ್ಲಿ ಮನೆ ತೆಗೆದುಕೊಳ್ಳಲು ಹೊರಟವರು ಮೂರು ಪ್ರಶ್ನೆ ಕೇಳುತ್ತಾರೆ: ಸೆಂಟ್ಸಿಗೆ ಎಷ್ಟು, ಪೇಟೆಗೆ ಎಷ್ಟು ದೂರ, ಮನೆ ಕಟ್ಟಿ ಎಷ್ಟು ವರ್ಷ ಆಯಿತು. ಬೇಕಾದ ಪ್ರಶ್ನೆಗಳೇ. ಆದರೆ ನಾನು ಮೊದಲು ಕೇಳುವುದು ಬೇರೆ ಎರಡನ್ನು. ಎಪ್ರಿಲ್ ಕೊನೆಯಲ್ಲಿ ಆ ಮನೆಯ ಬಾವಿಯಲ್ಲಿ ನೀರೆಷ್ಟು? ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಆ ದಾರಿಯಲ್ಲಿ ಕಾರು ಹೋಗುತ್ತದೆಯೇ? ಗೋಡೆಗೆ ಬಣ್ಣ ಹೊಡೆಸಬಹುದು, ಅಡುಗೆಮನೆ ಒಡೆದು ಕಟ್ಟಬಹುದು. ನೆರೆಕರೆಯ ನೀರನ್ನೂ ಇಳಿಜಾರನ್ನೂ ಯಾವ ಮೇಸ್ತ್ರಿಯೂ ಸರಿಮಾಡಿಕೊಡಲಾರ.

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ನೀರಿಗೆ ಏನು ಬರ ಎಂದು ಬೆಂಗಳೂರಿನಿಂದಲೋ ದುಬೈಯಿಂದಲೋ ಮನೆ ಹುಡುಕುವವರಿಗೆ ಅನಿಸಬಹುದು. ಕೇರಳದ 44 ನದಿಗಳಲ್ಲಿ 12 ಈ ಒಂದೇ ಜಿಲ್ಲೆಯಲ್ಲಿವೆ, ನಿಜ. ಎಲ್ಲವೂ ಗಿಡ್ಡ ನದಿಗಳು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಸಮುದ್ರ ಸೇರುತ್ತದೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡೆ ಬೇಗ ಕುಡಿದು ಬೇಗ ಬಿಟ್ಟುಬಿಡುತ್ತದೆ. ಹಾಗಾಗಿ ಜುಲೈಯಲ್ಲಿ ಅಂಗಳಕ್ಕೆ ನೀರು ನುಗ್ಗುವ ಮನೆಯಲ್ಲೇ ಎಪ್ರಿಲಿನಲ್ಲಿ ಟ್ಯಾಂಕರಿಗೆ ಫೋನು ಮಾಡುವುದು ಇಲ್ಲಿ ವಿಚಿತ್ರವಲ್ಲ.

ಸೆಂಟ್ಸಿನ ಲೆಕ್ಕ ಗೊತ್ತಿಲ್ಲದವರಿಗೆ: ಒಂದು ಸೆಂಟ್ಸ್ ಎಂದರೆ 435.6 ಚದರಡಿ. ಐದು ಸೆಂಟ್ಸ್ 2,178 ಚದರಡಿ, ಅಂದರೆ ಎರಡು 30–40 ಸೈಟಿಗಿಂತ ತುಸು ಕಡಿಮೆ. ಬೆಂಗಳೂರಿನವರಿಗೆ ಧಾರಾಳವಾಗಿ ಕಾಣುವ ಜಾಗ. ಇಲ್ಲಿ ಅದರೊಳಗೆ ಮನೆಯ ಜತೆಗೆ ಬಾವಿ, ಕಕ್ಕಸಿನ ಗುಂಡಿ, ಮಳೆನೀರಿನ ಚರಂಡಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಶೀಟಿನ ಮಾಡು ಎಲ್ಲವೂ ಹಿಡಿಯಬೇಕು.

ವಿದ್ಯಾನಗರ, ಅಣಂಗೂರು, ಚೆರ್ಕಳದ ಕಡೆ

ಕಲೆಕ್ಟರೇಟ್, ಜಿಲ್ಲಾ ಕೋರ್ಟು, 1957ರಲ್ಲಿ ಶುರುವಾದ ಸರಕಾರಿ ಕಾಲೇಜು ಎಲ್ಲವೂ ವಿದ್ಯಾನಗರದಲ್ಲಿವೆ. ನುಳ್ಳಿಪ್ಪಾಡಿಯಿಂದ ಅಣಂಗೂರು ದಾಟಿ ಚೆರ್ಕಳದವರೆಗೆ ಹೆದ್ದಾರಿಯ ಎರಡೂ ಬದಿ ಮನೆಗಳೇ. ರಾತ್ರಿ ಹತ್ತಕ್ಕೂ ಆಟೋ ಸಿಗುತ್ತದೆ, ಔಷಧಿ ಅಂಗಡಿ ತೆರೆದಿರುತ್ತದೆ, ಆನ್‌ಲೈನಿನಲ್ಲಿ ತರಿಸಿದ ಸಾಮಾನು ಮನೆ ಬಾಗಿಲಿಗೆ ಬರುತ್ತದೆ. ಪ್ರಾಯದ ಅಪ್ಪ–ಅಮ್ಮ ಇಬ್ಬರೇ ಇರುವ ಮನೆಗೆ ಇದು ಸಣ್ಣ ಅನುಕೂಲವಲ್ಲ.

ಇಲ್ಲಿ ನೋಡಬೇಕಾದದ್ದು ಗುಂಡಿ ಮತ್ತು ಬಾವಿಯ ಅಂತರ. ಕುಡಿಯುವ ನೀರಿನ ಬಾವಿಗೂ ಕಕ್ಕಸಿನ ಇಂಗುಗುಂಡಿಗೂ ನಡುವೆ 7.5 ಮೀಟರ್ ಇರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಚೌಕಾಕಾರದ ಐದು ಸೆಂಟ್ಸಿನ ಒಂದು ಬದಿ ಸುಮಾರು 14 ಮೀಟರ್. ನಿಮ್ಮ ಜಾಗದೊಳಗೆ ಅಂತರ ಸರಿ ಇದ್ದರೂ, ಪಕ್ಕದ ಮನೆಯ ಗುಂಡಿ ಕಾಂಪೌಂಡಿನ ಆಚೆ ಎಲ್ಲಿದೆ ಎಂದು ಯಾರೂ ತೋರಿಸುವುದಿಲ್ಲ. ಮುರಕಲ್ಲು ತೂತುತೂತಾದ ಕಲ್ಲು. ಅದರ ಬಿರುಕುಗಳಲ್ಲಿ ಗುಂಡಿಯ ನೀರು ಮಣ್ಣಿನಲ್ಲಿ ಸೋಸಿಕೊಂಡು ಹೋಗುವಂತೆ ಹೋಗುವುದಿಲ್ಲ, ನೇರ ಓಡುತ್ತದೆ. ಸಾಲು ಮನೆಗಳ ನಡುವೆ ಒಂದನ್ನು ಆರಿಸುವುದಾದರೆ ಇಳಿಜಾರಿನ ಮೇಲ್ಬದಿಯದನ್ನೇ ಆರಿಸಿ, ಬಾವಿಯ ನೀರನ್ನು ಲ್ಯಾಬಿಗೆ ಕೊಟ್ಟು ಕೋಲಿಫಾರ್ಮ್ (ಕಕ್ಕಸಿನ ನೀರು ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಅದೂ ಮಳೆಗಾಲದಲ್ಲಿ.

ನಳ್ಳಿ ನೀರಿನ ಕತೆ ಬೇರೆ. ಪೇಟೆಗೆ ನೀರು ಬರುವುದು ಪಯಸ್ವಿನಿಯ ಬಾವಿಕ್ಕರೆಯಿಂದ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಸಮುದ್ರದ ಉಬ್ಬರ ಅಲ್ಲಿಯವರೆಗೂ ಏರಿ, ವರ್ಷಗಟ್ಟಲೆ ಪೇಟೆಯವರು ಉಪ್ಪುನೀರು ಕುಡಿದಿದ್ದಾರೆ. 2021ರಲ್ಲಿ ಉಪ್ಪುನೀರು ತಡೆಯುವ ರೆಗ್ಯುಲೇಟರ್ ಅಣೆಕಟ್ಟು ಆದ ಮೇಲೆ ಆ ಗೋಳು ತಗ್ಗಿದೆ. ಆದರೂ ಹಳೆಯ ಮನೆ ತೆಗೆದುಕೊಳ್ಳುವವರು ಪೈಪು, ಗೀಸರು ಒಮ್ಮೆ ಬಿಚ್ಚಿ ನೋಡಿಸುವುದು ಒಳ್ಳೆಯದು. ಉಪ್ಪು ತಿಂದ ಕಬ್ಬಿಣ ಸುಳ್ಳು ಹೇಳುವುದಿಲ್ಲ.

ನೋಡಬೇಕಾದ ಇನ್ನೊಂದು ವಿಷಯ ಹೆದ್ದಾರಿ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಆರು ಪಥವಾದ ಮೇಲೆ ಇಲ್ಲಿಯ ದೂರದ ಲೆಕ್ಕವೇ ಬದಲಾಗಿದೆ. ಎದುರು ಬದಿಯ ಅಂಗಡಿ ಮ್ಯಾಪಿನಲ್ಲಿ ಇನ್ನೂರು ಮೀಟರ್ ಎಂದು ಕಾಣಬಹುದು. ಆದರೆ ಅಂಡರ್‌ಪಾಸ್ ಹುಡುಕಿ, ಸರ್ವಿಸ್ ರೋಡಿನಲ್ಲಿ ಸುತ್ತಿ ಹೋಗಬೇಕು. ಮನೆ ನೋಡಲು ಹೋದಾಗ ಕಾರನ್ನು ಅಲ್ಲೇ ಬಿಟ್ಟು, ಶಾಲೆಗೆ, ಬಸ್ ಸ್ಟಾಪಿಗೆ, ದೇವಸ್ಥಾನಕ್ಕೋ ಪಳ್ಳಿಗೋ ನಡೆದು ನೋಡಿ. ಚೆರ್ಕಳದಿಂದ ಬೇವಿಂಜೆ, ತೆಕ್ಕಿಲಿನ ಕಡೆ ರಸ್ತೆಗಾಗಿ ಕಡಿದ ಗುಡ್ಡ ಮಳೆಗೆ ಕುಸಿದದ್ದನ್ನೂ ಮರೆಯಬೇಡಿ. ಮೇಲೆ ಗಟ್ಟಿ ಮುರಕಲ್ಲು ಕಂಡರೂ ಅಡಿಯಲ್ಲಿ ಮೆತ್ತನೆಯ ಜೇಡಿ ಇರುತ್ತದೆ. ಗುಡ್ಡ ಕಡಿದು ಸಮತಟ್ಟು ಮಾಡಿದ ಸೈಟಿನಲ್ಲಿ ಹಿಂಬದಿಯ ಗೋಡೆಗೆ ಅಂಟಿಕೊಂಡಂತೆ ಬಿಳಿಯೋ ಹಳದಿಯೋ ಮಣ್ಣಿನ ಪಟ್ಟಿ ಕಂಡರೆ, ಆ ಮನೆ ಎಷ್ಟು ಚಂದ ಇದ್ದರೂ ನಾನು ವಾಪಸ್ ಬರುತ್ತೇನೆ.

ಮಧೂರು, ಕೂಡ್ಲು, ಉಳಿಯತ್ತಡ್ಕ

ಪೇಟೆಯಿಂದ ಉತ್ತರ–ಪೂರ್ವಕ್ಕೆ ಏಳೆಂಟು ಕಿಲೋಮೀಟರಿನ ಈ ಪಟ್ಟಿ ಕನ್ನಡ ಮನೆಗಳವರಿಗೆ ಮೊದಲ ಆಯ್ಕೆ. ಕಾರಣ ಬಿಡಿಸಿ ಹೇಳಬೇಕಿಲ್ಲ: ಬೆಳಗ್ಗೆ ಹಾಲಿನ ಅಂಗಡಿಯಿಂದ ರಾತ್ರಿಯ ಭಜನಾ ಮಂದಿರದವರೆಗೆ ಕನ್ನಡ, ತುಳುವಿನಲ್ಲೇ ದಿನ ಕಳೆಯುತ್ತದೆ. ಮಧೂರಿನ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನ ಹತ್ತಿರ. ಕೂಡ್ಲಿನಲ್ಲಿ ತೋಟದ ಬೆಳೆಗಳ ಸಂಶೋಧನಾ ಕೇಂದ್ರವಿದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾಗಿ 1970ರಲ್ಲಿ ಸಿ.ಪಿ.ಸಿ.ಆರ್.ಐ. ಆದ ಸಂಸ್ಥೆ. ಅದರ ತೋಟದಿಂದಾಗಿ ಆ ಭಾಗದಲ್ಲಿ ಇನ್ನೂ ಹಸಿರು ಉಳಿದಿದೆ. ಎರಡು ತೆಂಗು, ನಾಲ್ಕು ಅಡಕೆ, ಒಂದು ಹಲಸು ಇಟ್ಟುಕೊಂಡು ಎಂಟು–ಹತ್ತು ಸೆಂಟ್ಸಿನಲ್ಲಿ ಇರುವುದಾದರೆ ಇದಕ್ಕಿಂತ ಹಿತವಾದ ಜಾಗ ಪೇಟೆಯ ಹತ್ತಿರ ಸಿಗಲಿಕ್ಕಿಲ್ಲ.

ಇಲ್ಲಿ ಬೇಸಗೆಗಿಂತ ಮಳೆಗಾಲದ ಹೆದರಿಕೆ ಹೆಚ್ಚು. ಜೋರು ಮಳೆಗೆ ಮಧುವಾಹಿನಿ ಉಕ್ಕಿ ದೇವಸ್ಥಾನದ ಅಂಗಳಕ್ಕೇ ನೀರು ಬರುವುದು ಊರಿಗೆಲ್ಲ ಗೊತ್ತು. ಆ ಹೊಳೆಯ ಬಯಲಿನುದ್ದಕ್ಕೂ, ಪಟ್ಲದ ತಗ್ಗಿನಲ್ಲೂ ಗದ್ದೆಗೆ ಮಣ್ಣು ತುಂಬಿಸಿ ಎಬ್ಬಿಸಿದ ಮನೆಗಳಿಗೆ ಕೊರತೆಯಿಲ್ಲ. ಗದ್ದೆ ಎಂದು ಗೊತ್ತಾಗುವುದು ಹೇಗೆ? ಬೇಲಿಯ ಆಚೆ ಹಳೆಯ ಹುಣಿಯ (ಗದ್ದೆಯ ಬದುವಿನ) ತುಂಡು ಉಳಿದಿರುತ್ತದೆ. ಗೇಟಿನಿಂದ ಒಳಗೆ ಇಳಿಯಬೇಕಾಗುತ್ತದೆ, ಹತ್ತಬೇಕಾಗುವುದಿಲ್ಲ. ಗೋಡೆಯ ಬುಡದಿಂದ ಮೊಣಕಾಲೆತ್ತರದವರೆಗೆ ಬಣ್ಣ ಮಾತ್ರ ಹೊಸತು, ಮೇಲಿನದು ಹಳತು. ಈ ಕೊನೆಯದನ್ನು ಕಂಡರೆ ನೆರೆ ಎಷ್ಟು ಎತ್ತರ ಬಂದಿತ್ತು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಕಾಗದದಲ್ಲೂ ಗದ್ದೆಯ ಪ್ರಶ್ನೆ ದೊಡ್ಡದು. 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿಗೂ ಒಂದು ಡಾಟಾ ಬ್ಯಾಂಕ್ ಇದೆ. ಅದರಲ್ಲಿ ಸರ್ವೆ ನಂಬರ್ ಇದ್ದರೆ ಅದು ಗದ್ದೆ, ಕಣ್ಣಿಗೆ ತೆಂಗಿನ ತೋಟವಾಗಿ ಕಂಡರೂ ಗದ್ದೆಯೇ. ತಪ್ಪಾಗಿ ಸೇರಿದ್ದರೆ ತೆಗೆಸಲು ಫಾರಂ 5. ಡಾಟಾ ಬ್ಯಾಂಕಿನಲ್ಲಿ ಇಲ್ಲದೆ ವಿಲೇಜ್ ಆಫೀಸಿನ ದಾಖಲೆಯಲ್ಲಿ ಮಾತ್ರ ‘ನಿಲಂ’ (ಗದ್ದೆ) ಎಂದಿದ್ದರೆ ಸ್ವಭಾವ ಬದಲಾಯಿಸಲು ಫಾರಂ 6. ಎರಡೂ ತಿಂಗಳುಗಟ್ಟಲೆ ಎಳೆಯಬಹುದಾದ ಕೆಲಸ. ಬೇರೆ ಜಾಗ ಇಲ್ಲದವರಿಗೆ ಸ್ವಂತ ಮನೆಗೆಂದು ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ವರೆಗೆ ವಿನಾಯಿತಿ ಕೇಳಲು ಅವಕಾಶವಿದೆ. ಆದರೆ ಗದ್ದೆಯನ್ನು ಹೊಸದಾಗಿ ಕೊಂಡು ಅದನ್ನು ನಂಬಿ ಕೂರುವುದು ಬೇಡ. ತೀರ್ವೆ (ಭೂಕಂದಾಯ) ರಶೀದಿಯಲ್ಲಿ ‘ಪುರಯಿಡಂ’, ಅಂದರೆ ಗದ್ದೆಯಲ್ಲದ ಹಿತ್ತಿಲು ಜಾಗ, ಎಂದು ಇರುವ ಜಾಗವನ್ನೇ ನೋಡಿ.

ನನ್ನ ಮತ ಕೇಳಿದರೆ: ಉಳಿಯತ್ತಡ್ಕದಿಂದ ಮೇಲಕ್ಕೆ, ಗುಡ್ಡೆಯ ನಡುಮಟ್ಟದಲ್ಲಿರುವ ಮನೆ. ತೀರಾ ಮೇಲೆ ಹೋದರೆ ಬಾವಿ ಆಳ, ಕೆಳಗೆ ಹೋದರೆ ನೆರೆ.

ಕುಂಬಳೆ ಮತ್ತು ಸೀತಾಂಗೋಳಿ ರಸ್ತೆ

ಮನೆಯಲ್ಲಿ ಯಾರಾದರೂ ದಿನಾ ಮಂಗಳೂರಿಗೆ ಹೋಗಿ ಬರುವವರಿದ್ದರೆ ಕುಂಬಳೆಯ ಎದುರು ಉಳಿದ ಜಾಗಗಳು ನಿಲ್ಲುವುದಿಲ್ಲ. ರೈಲ್ವೆ ಸ್ಟೇಷನ್ ಪೇಟೆಯಲ್ಲೇ ಇದೆ, ಲೋಕಲ್ ರೈಲಿನ ಸೀಸನ್ ಟಿಕೆಟಿಗೂ ಬಸ್ಸಿಗೂ ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ಎಕ್ಸ್‌ಪ್ರೆಸ್ ಗಾಡಿಗಳು ಹೆಚ್ಚಿನವು ಕಾಸರಗೋಡಿನಲ್ಲೇ ನಿಲ್ಲುವುದು, ಹಾಗಾಗಿ ಸಂಜೆ ಮಂಗಳೂರಿನಿಂದ ಮರಳುವ ಲೋಕಲ್ ತಪ್ಪಿದರೆ ಮತ್ತೆ ಯಾವುದು, ಎಷ್ಟು ಹೊತ್ತಿಗೆ ಎಂಬುದನ್ನು ಮನೆ ನೋಡುವ ಮೊದಲೇ ಟೈಂಟೇಬಲಿನಲ್ಲಿ ನೋಡಿಕೊಳ್ಳಿ.

ಹಳಿಯ ಪಶ್ಚಿಮಕ್ಕೆ, ಕೊಯಿಪ್ಪಾಡಿಯ ಕಡೆ ಸಮುದ್ರದ ಗಾಳಿ ಚಂದ. ಆದರೆ ಕಡಲ್ಕೊರೆತ, ಉಪ್ಪುಬಾವಿ, ಕರಾವಳಿ ನಿಯಂತ್ರಣ ವಲಯದ ಕಟ್ಟುಪಾಡು ಮೂರೂ ಒಟ್ಟಿಗೆ ಬರುತ್ತವೆ. ರಜೆಯಲ್ಲಿ ಹೋಗಿ ಕೂರಲು ಸರಿ, ಬದುಕಿನ ಉಳಿತಾಯ ಹಾಕಲು ಅಲ್ಲ.

ಪೂರ್ವಕ್ಕೆ ನಾಯ್ಕಾಪು, ಸೂರಂಬೈಲು, ಸೀತಾಂಗೋಳಿ. ಅನಂತಪುರದ ಕೆರೆಯ ದೇವಸ್ಥಾನ ಇದೇ ದಾರಿಯಲ್ಲಿ. ಸೀತಾಂಗೋಳಿಗೆ ಎಚ್.ಎ.ಎಲ್. ಘಟಕ, ಕೈಗಾರಿಕಾ ಪಾರ್ಕು ಬಂದ ಮೇಲೆ ರಸ್ತೆ ಬದಿಯ ಸೆಂಟ್ಸಿನ ಬೆಲೆ ಏರಿದೆ. ಜಾಗ ಸಮತಟ್ಟು, ಗಾಳಿ ಬೆಳಕು ಧಾರಾಳ. ಆದರೆ ಇದು ಪದವು, ಅಂದರೆ ಮುರಕಲ್ಲಿನ ಹಾಸು. ಬಾವಿ ತೋಡುವುದೆಂದರೆ ಕಲ್ಲು ಕಡಿಯುವುದೇ. ಕಾಸರಗೋಡು ಬ್ಲಾಕು ಕೇರಳದಲ್ಲಿ ಅಂತರ್ಜಲದ ಬಳಕೆ ಹೆಚ್ಚಿರುವ ಬ್ಲಾಕುಗಳಲ್ಲಿ ಒಂದು, ಬೋರ್‌ವೆಲ್ ಒಂದನ್ನೇ ನೆಚ್ಚಿಕೊಂಡ ಮನೆ ಬೇಡವೆಂದೇ ಹೇಳುತ್ತೇನೆ.

ಬ್ರೋಕರನ್ನು ಕೇಳಿದರೆ ಒಂದೇ ಉತ್ತರ: “ನೀರು ಬೇಕಾದಷ್ಟು ಉಂಟು ಮಾರಾಯ್ರೇ.” ಪಕ್ಕದ ಮನೆಯ ಹೆಂಗಸರನ್ನು ಕೇಳಿ. “ಅಕ್ಕಾ, ಎಪ್ರಿಲಿನಲ್ಲಿ ಬಾವಿಯ ನೀರು ಇಳಿಯುತ್ತದಾ?” ಎಂದರೆ, “ವಿಷುವಿನ ವರೆಗೆ ಏನೂ ತೊಂದರೆ ಇಲ್ಲ, ಮತ್ತೆ ಪಂಚಾಯತಿನ ಟ್ಯಾಂಕರು” ಎಂದು ಸತ್ಯ ಹೊರಬೀಳುತ್ತದೆ. ಕೇಳಲು ಯಾರೂ ಸಿಗದಿದ್ದರೆ ಬಾವಿಯೊಳಗೆ ಇಣುಕಿ. ಹಾವಸೆ ಕಟ್ಟಿದ ಹಸಿರು ಗೆರೆ ಮಳೆಗಾಲದ ಮಟ್ಟ. ಅದರ ಕೆಳಗೆ, ಪಂಪಿನ ಪೈಪಿಗೆ ಆಮೇಲೆ ಬೇರೆ ಬಣ್ಣದ ತುಂಡು ಜೋಡಿಸಿದ್ದು ಕಂಡರೆ ನೀರು ವರ್ಷಾವರ್ಷ ಕೆಳಗೆ ಹೋಗಿದೆ ಎಂದು ಅರ್ಥ. ಗೇಟಿನ ಹೊರಗೆ ಸಾಲಾಗಿ ನೀಲಿ ಡ್ರಮ್ಮು, ಕರಿ ಸಿಂಟೆಕ್ಸ್ ಇದ್ದರೆ ಕೇಳುವುದೂ ಬೇಡ.

ಉಪ್ಪಳ, ಹೊಸಂಗಡಿ, ಮಂಜೇಶ್ವರದ ಬಗ್ಗೆ ಚುಟುಕಾಗಿ: ಮಂಗಳೂರು ಇನ್ನೂ ಹತ್ತಿರ, ಉಪ್ಪಳದಲ್ಲಿ ತಾಲೂಕು ಕಚೇರಿ, ಫ್ಲ್ಯಾಟುಗಳೂ ಸಿಗುತ್ತವೆ. ಬೆಲೆ ಅದಕ್ಕೆ ತಕ್ಕಂತೆ. ಒಳಗಿನ ಮೀಯಪದವು, ವರ್ಕಾಡಿಯ ಕಡೆ ಸ್ವಂತ ವಾಹನ ಇದ್ದರೆ ಒಳ್ಳೆಯ ತೋಟದ ಮನೆಗಳಿವೆ.

ಬದಿಯಡ್ಕ, ನೀರ್ಚಾಲು, ಪೆರ್ಲ

ಬದಿಯಡ್ಕ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಊರು. ಪೇಟೆಯಿಂದ ಸುಮಾರು 20 ಕಿ.ಮೀ. ಹೊರವಲಯ ಎನ್ನಲು ತುಸು ದೂರವೇ, ಆದರೂ ಪಟ್ಟಿಯಲ್ಲಿ ಇಟ್ಟಿದ್ದೇನೆ. ವಿದ್ಯಾನಗರದಲ್ಲಿ ಐದು ಸೆಂಟ್ಸಿನ ಮನೆಗೆ ಕೊಡುವ ದುಡ್ಡಿಗೆ ಇಲ್ಲಿ ಹಂಚಿನ ಹಳೆಮನೆ, ಅಂಗಳ, ಹತ್ತಿಪ್ಪತ್ತು ಅಡಕೆ ಮರ ಸಹಿತ ಜಾಗ ಸಿಗುವ ಸಾಧ್ಯತೆ ಇದೆ. ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಬಂದದ್ದರಿಂದ ಬದಿಯಡ್ಕ–ಪೆರ್ಲ ರಸ್ತೆಯ ಬೆಲೆ ಇನ್ನು ಇಳಿಯಲಿಕ್ಕಿಲ್ಲ. ಹೃದಯಕ್ಕೋ ಕಿಡ್ನಿಗೋ ತೊಂದರೆಯಾದರೆ ಈಗಲೂ ಜನ ಮಂಗಳೂರಿಗೇ ಓಡುವುದು ಎಂಬುದು ಬೇರೆ ಮಾತು.

ಈ ಕಡೆಯ ವಿಶೇಷ ಸುರಂಗ. ಗುಡ್ಡೆಯ ಬದಿಯಿಂದ ಅಡ್ಡಕ್ಕೆ, ಒಬ್ಬ ಮನುಷ್ಯ ಹಿಡಿಯುವಷ್ಟು ಅಗಲಕ್ಕೆ ಕೊರೆದುಕೊಂಡು ಹೋದರೆ ಮುರಕಲ್ಲಿನ ಒರತೆ ಸಿಗುತ್ತದೆ. ನೀರು ತಾನಾಗಿ ಹರಿದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ, ಮೊದಲೆಲ್ಲ ಅಡಕೆಯ ದಂಬೆಯಲ್ಲಿ, ಈಗ ಪೈಪಿನಲ್ಲಿ. ಕರೆಂಟು ಬೇಡ, ಪಂಪು ಬೇಡ. ಬಾಯಾರು, ಪೆರ್ಲ, ಬದಿಯಡ್ಕದ ಸುತ್ತ ಸುರಂಗ ಇಲ್ಲದ ಹಳೆಮನೆ ಕಮ್ಮಿ. ಮಾರ್ಚಿನಲ್ಲಿ ಬಾವಿ ಬತ್ತಿದ ಮನೆಯಲ್ಲೂ ಸುರಂಗದಿಂದ ಬೆರಳಿನ ಗಾತ್ರದ ನೀರು ರಾತ್ರಿಯಿಡೀ ಬಿದ್ದು ಬೆಳಗಾಗುವಾಗ ಟ್ಯಾಂಕಿ ತುಂಬಿರುತ್ತದೆ. ಕೈಯಲ್ಲಿ ಒಂದು ಬಕೆಟ್, ಒಂದು ವಾಚು ಇದ್ದರೆ ಅಳೆಯಬಹುದು: ಹತ್ತು ಲೀಟರಿನ ಬಕೆಟ್ ತುಂಬಲು ಐದು ನಿಮಿಷ ಹಿಡಿದರೆ ದಿನಕ್ಕೆ 2,880 ಲೀಟರ್. ನಾಲ್ಕೈದು ಜನರ ಮನೆಗೆ ಮಿಕ್ಕಿ ಉಳಿಯುವಷ್ಟು. ಎಪ್ರಿಲಿನಲ್ಲಿ ಅಳೆದ ಲೆಕ್ಕವಾದರೆ ಮಾತ್ರ ನಂಬಿ.

ಅಡ್ಡಿ ಇರುವುದು ನೀರಿನಲ್ಲಲ್ಲ, ಅದರ ಪಾಲಿನಲ್ಲಿ. ಕುಟುಂಬ ಪಾಲಾದಾಗ ಮನೆ ತಮ್ಮನಿಗೆ, ಸುರಂಗ ಇರುವ ಗುಡ್ಡೆ ಅಣ್ಣನಿಗೆ ಹೋಗಿರುತ್ತದೆ. ಮಾತಿನ ಮೇಲೆ ನಡೆದುಕೊಂಡು ಬಂದ ವ್ಯವಸ್ಥೆ ಮಾರಾಟವಾದ ಮರುದಿನವೂ ನಡೆಯುತ್ತದೆಂದು ಹೇಳಲಾಗದು. ಗುಡ್ಡೆಯಲ್ಲಿ ರಬ್ಬರು ಹಾಕಿದವರು, ಕಲ್ಲಿನ ಕೋರೆ ಮಾಡಿದವರು ಇದ್ದಾರೆಯೇ ಎಂದೂ ನೋಡಬೇಕು, ಒರತೆಯ ದಾರಿ ಅಲ್ಲಿಂದಲೇ.

ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆ ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಕೇಳಿ ಹಿಂಜರಿಯುವವರಿದ್ದಾರೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತದ್ದು 2000ದಲ್ಲಿ. ಸಂತ್ರಸ್ತರ ಸಂಕಟ ಇನ್ನೂ ಮುಗಿದಿಲ್ಲ. ಮನೆ ಕೊಳ್ಳುವವರು ಅಂತೆಕಂತೆ ಕೇಳಿ ಜಾಗ ಬಿಡುವ ಬದಲು ನೀರನ್ನು ಪರೀಕ್ಷೆಗೆ ಕೊಡುವುದು ಸರಿ.

ಹಂಚಿನ ಮನೆ ತೆಗೆದುಕೊಳ್ಳುವವರು ಅಟ್ಟಕ್ಕೆ ಹತ್ತಿ ಪಕ್ಕಾಸಿಗೆ (ಮಾಡಿನ ಮರದ ತೊಲೆಗೆ) ಬೆರಳಿನಿಂದ ಬಡಿದು ನೋಡಿ, ಒರಲೆ ತಿಂದ ಮರ ಟೊಳ್ಳು ಸದ್ದು ಕೊಡುತ್ತದೆ. ತಾರಸಿ ಮನೆಯಾದರೆ ಮೇಲೆ ಶೀಟಿನ ಮಾಡು ಇದೆಯೇ ನೋಡಿ. ಇಲ್ಲದಿದ್ದರೆ ಇಂದಲ್ಲ ನಾಳೆ ನೀವು ಹಾಕಿಸಲೇಬೇಕು, ಬೆಲೆ ಮಾತಾಡುವಾಗ ಆ ಖರ್ಚು ಕಳೆದು ಮಾತಾಡಿ.

ತಲಪಾಡಿ ದಾಟಿದರೆ?

ಕೋಟೆಕಾರು, ತೊಕ್ಕೊಟ್ಟಿನ ಕಡೆ ಮನೆ ಮಾಡಿದರೆ ಕರ್ನಾಟಕದೊಳಗೇ ಆಯಿತಲ್ಲ ಎಂಬ ಯೋಚನೆ ಗಡಿನಾಡಿನವರಿಗೆ ಬಾರದೆ ಇರುವುದಿಲ್ಲ. 2020ರ ಮಾರ್ಚಿನಲ್ಲಿ ರಸ್ತೆಗೆ ಮಣ್ಣು ಹಾಕಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ಎಷ್ಟು ದೂರ ಎಂಬುದು ಎಲ್ಲರಿಗೂ ಗೊತ್ತಾಯಿತು. ಆಮೇಲೆ ಆ ಯೋಚನೆ ಇನ್ನಷ್ಟು ಬಲವಾಯಿತು. ನೋಂದಣಿ ಖರ್ಚಿನಲ್ಲೂ ವ್ಯತ್ಯಾಸ ಇದೆ. ಕೇರಳದಲ್ಲಿ ಮುದ್ರಾಂಕ ಶುಲ್ಕ 8%, ನೋಂದಣಿ 2%. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು–ಸರ್ಚಾರ್ಜು, 2025ರಲ್ಲಿ ಏರಿದ ನೋಂದಣಿ ಶುಲ್ಕ 2%. ಐವತ್ತು ಲಕ್ಷದ ದಸ್ತಾವೇಜಿಗೆ ಇಲ್ಲಿ ಐದು ಲಕ್ಷವಾದರೆ ಅಲ್ಲಿ ನಾಲ್ಕಕ್ಕಿಂತ ತುಸು ಕಡಿಮೆ. ಆದರೆ ಅಲ್ಲಿಯ ಜಾಗದ ಬೆಲೆ ಆ ಉಳಿತಾಯವನ್ನು ನುಂಗಿಬಿಡುತ್ತದೆ. ಮಂಗಳೂರಿನಲ್ಲೇ ಉದ್ಯೋಗ, ಮಕ್ಕಳ ಕಾಲೇಜು ಎರಡೂ ಇದ್ದರೆ ದಾಟಿ. ತೋಟವೋ ದೈವಸ್ಥಾನವೋ ನೆಂಟರೋ ಇತ್ತ ಇದ್ದರೆ ವಾರಕ್ಕೆರಡು ಸಲ ತಲಪಾಡಿ ಟೋಲ್ ಕಟ್ಟುವ ಬದುಕಾಗುತ್ತದೆ.

ಶಾಲೆಯ ವಿಷಯ ಈ ನಿರ್ಧಾರದಲ್ಲಿ ತೂಕದ್ದು. ನೀರ್ಚಾಲು, ಬದಿಯಡ್ಕ, ಎಡನೀರಿನಲ್ಲಿ ಕನ್ನಡ ಮಾಧ್ಯಮದ ಹಳೆಯ ಹೈಸ್ಕೂಲುಗಳಿವೆ. ಶಾಲೆ ಇದೆ ಎಂಬಷ್ಟಕ್ಕೆ ತೃಪ್ತರಾಗದೆ, ಈಗ ಗಣಿತ, ವಿಜ್ಞಾನ ಕಲಿಸುವವರಿಗೆ ಕನ್ನಡ ಬರುತ್ತದೆಯೇ ಎಂದು ವಿಚಾರಿಸಿ. ಕನ್ನಡ ಗೊತ್ತಿಲ್ಲದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕುವ ದೂರು ಇಲ್ಲಿ ಹಳೆಯದು. ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಷರತ್ತಿನ ಮೇಲೆ ಅರ್ಹತೆ ಇರುವುದರಿಂದ, ಮಗು ಇತ್ತ ಕಲಿತರೆ ಅತ್ತಲಿನ ಬಾಗಿಲು ಮುಚ್ಚಿತು ಎಂದು ಹೆದರಬೇಕಿಲ್ಲ.

ಅಡ್ವಾನ್ಸ್ ಕೊಡುವ ಮೊದಲು

ಯಾವ ಊರು ಆರಿಸಿದರೂ ಕಾಗದ ಒಂದೇ: ಹಿಂದಿನ ಆಧಾರಗಳು (ಕ್ರಯಪತ್ರಗಳು), ಬಾಧ್ಯತೆಯ ಸರ್ಟಿಫಿಕೇಟು (ಇ.ಸಿ.), ಈ ವರ್ಷದ ತೀರ್ವೆ ರಶೀದಿ, ವಿಲೇಜ್ ಆಫೀಸಿನ ಕೈವಶ ಸರ್ಟಿಫಿಕೇಟು, ಲೊಕೇಶನ್ ಸ್ಕೆಚ್. ನೋಂದಣಿ ಮುಗಿದ ಮೇಲೆ ಪೊಕ್ಕುವರವು, ಅಂದರೆ ತೀರ್ವೆ ನಿಮ್ಮ ಹೆಸರಿಗೆ ಆಗುವುದು, ಆಗಿದೆಯೇ ಎಂದು ಬೆನ್ನು ಹತ್ತಿ. ಜಾಗದ ದಾಖಲೆಗಳ ‘ಎಂದೆ ಭೂಮಿ’ (ಮಲಯಾಳದಲ್ಲಿ ‘ನನ್ನ ಭೂಮಿ’) ಪೋರ್ಟಲ್ 2024ರಲ್ಲಿ ಮೊದಲು ಶುರುವಾದದ್ದು ನಮ್ಮದೇ ಜಿಲ್ಲೆಯ ಉಜಾರ್ ಉಳುವಾರ್ ಗ್ರಾಮದಲ್ಲಿ. ಡಿಜಿಟಲ್ ಸರ್ವೆ ಮುಗಿದ ಗ್ರಾಮವಾದರೆ ಹಳೆಯ ಆಧಾರದ ಸೆಂಟ್ಸಿಗೂ ಹೊಸ ನಕ್ಷೆಯ ಆರ್‌ಗೂ ತಾಳೆ ನೋಡಿಸಿ. ಒಂದು ಸೆಂಟ್ಸ್ ಸುಮಾರು 0.405 ಆರ್.

ಇಲ್ಲಿಗೇ ವಿಶೇಷವಾದ ತೊಡಕು ಒಂದಿದೆ. ಈಚಿನ ಆಧಾರ ಮಲಯಾಳದಲ್ಲಿ ಇರುತ್ತದೆ, ಅದರ ಹಿಂದಿನದೋ ಅದರ ಹಿಂದಿನದೋ ಕನ್ನಡದಲ್ಲಿ. ‘ಮಾಮೂಲು ದಾರಿ’, ‘ನೀರಿನ ಹಕ್ಕು’, ಚಕ್ಕುಬಂದಿಯ ಕಲ್ಲು, ತೋಡು ಎಲ್ಲ ಬರೆದಿರುವುದು ಹೆಚ್ಚಾಗಿ ಆ ಹಳೆಯ ಕನ್ನಡ ಕಾಗದದಲ್ಲಿ. ಮಲಯಾಳ ಮಾತ್ರ ಓದುವ ವಕೀಲರು ಅದನ್ನು ಮಗುಚಿ ಹಾಕುತ್ತಾರೆ, ಕನ್ನಡ ಮಾತ್ರ ಓದುವ ನಾವು ಹೊಸದನ್ನು. ಎರಡನ್ನೂ ಓದಬಲ್ಲ ದಸ್ತಾವೇಜು ಬರೆಯುವವರು ಬದಿಯಡ್ಕ, ಕಾಸರಗೋಡು, ಮಂಜೇಶ್ವರದ ಕಡೆ ಇನ್ನೂ ಇದ್ದಾರೆ. ಅವರ ಹತ್ತಿರ ಕೂತು, ಗೇಟಿನ ವರೆಗಿನ ದಾರಿಗೆ ಅಗಲ ಎಷ್ಟು, ಸುರಂಗ ಯಾರ ಸರ್ವೆ ನಂಬರಿನಲ್ಲಿದೆ, ಅದನ್ನು ಹೊಕ್ಕು ಹೂಳೆತ್ತುವ ಹಕ್ಕು ಯಾರಿಗೆ, ಪೈಪು ಯಾರ ಜಾಗದಲ್ಲಿ ಹಾದುಬರುತ್ತದೆ ಎಂಬುದನ್ನು ಹೊಸ ಆಧಾರದಲ್ಲಿ ಅಕ್ಷರಶಃ ಬರೆಸಿ. ಮಾರುವವರು “ಅದೆಲ್ಲ ಯಾಕೆ, ನಾವು ಇಲ್ಲೇ ಇದ್ದೇವಲ್ಲ” ಎಂದರೆ ಅವರ ಅಣ್ಣತಮ್ಮಂದಿರ ಸಹಿಯೂ ಇರಲಿ.